ಧ್ವನಿಮುದ್ರಣದಲ್ಲಿ ಗ್ರಂಥಪಾತ: ಮೌಖಿಕ ಕಾವ್ಯದ ಪಠ್ಯ ಮತ್ತು ಕೈಯಿಂದ ಮಾಡಿದ ಮೈಕ್ ಪರಿಕರಗಳು

ಓಲೆಗರಿಯ ಪ್ರತಿಯೊಂದನ್ನು ಕೈಗೆತ್ತಿಕೊಂಡ ಸಂಪಾದಕನು ಮೊದಲು ನೋಡುವುದು ಗರಿಯ ಸ್ಥಿತಿಯನ್ನು. ಗೆದ್ದಲು ತಿಂದ ಅಂಚು, ದಾರದ ರಂಧ್ರದ ಸುತ್ತ ಮುರಿದ ಭಾಗ, ಮಸಿ ಹಿಡಿಯದೆ ಮಾಸಿದ ಗೀರು ಇವೆಲ್ಲವನ್ನೂ ಅವನು ಪೀಠಿಕೆಯಲ್ಲಿ ದಾಖಲಿಸುತ್ತಾನೆ. ಅಕ್ಷರ ಲುಪ್ತವಾದ ಎಡೆಯನ್ನು ಗ್ರಂಥಪಾತವೆಂದು ಗುರುತಿಸಿ ಚುಕ್ಕೆಗಳನ್ನಿಡುತ್ತಾನೆ. ಊಹಿಸಿ ತುಂಬಿದರೆ ಆ ಊಹೆಯನ್ನು ಕಂಸದೊಳಗೆ ತೋರಿಸುತ್ತಾನೆ. ಡಿ.ಎಲ್. ನರಸಿಂಹಾಚಾರ್, ಎಂ.ಎಂ. ಕಲಬುರ್ಗಿ ಮೊದಲಾದ ವಿದ್ವಾಂಸರು ಶಾಸ್ತ್ರರೂಪ ಕೊಟ್ಟ ಈ ಶಿಸ್ತು ಕನ್ನಡದ ಗ್ರಂಥಸಂಪಾದನೆಯಲ್ಲಿ ಗಟ್ಟಿಯಾಗಿ ಬೇರೂರಿದೆ. ಮೌಖಿಕ ಕಾವ್ಯದ ಸಂಪಾದನೆಯಲ್ಲಿ ಮಾತ್ರ ಇದಕ್ಕೆ ಸಮಾನವಾದ ಎಚ್ಚರ ಅಷ್ಟಾಗಿ ಕಾಣದು. ಗಾಯಕನ ಹೆಸರು, ಊರು, ವಯಸ್ಸು, ಪ್ರದರ್ಶನದ ಸಂದರ್ಭ ಇವು ಪೀಠಿಕೆಯಲ್ಲಿ ಬರುತ್ತವೆ. ಧ್ವನಿಯನ್ನು ಹಿಡಿದ ಮೈಕು ಎಲ್ಲಿತ್ತು, ಅದಕ್ಕೆ ಏನು ಹೊದಿಸಿತ್ತು, ಆ ಹೊತ್ತಿನಲ್ಲಿ ಗಾಳಿ ಬೀಸುತ್ತಿತ್ತೆ ಎಂಬುದು ಬರುವುದು ವಿರಳ. ಪಠ್ಯದ ನಡುವೆ 'ಅಸ್ಪಷ್ಟ' ಎಂಬ ಒಂದು ಪದ ಮಾತ್ರ ಇರುತ್ತದೆ. ಅದು ಗಾಯಕನ ಅಸ್ಪಷ್ಟತೆಯೋ ಯಂತ್ರದ್ದೋ ಓದುಗನಿಗೆ ತಿಳಿಯದು.

ಈ ಅಸ್ಪಷ್ಟತೆಯ ಗಣನೀಯ ಪಾಲು ಗಾಯಕನದಲ್ಲ. ಅದು ಮೈಕಿಗೆ ಬಡಿದ ಗಾಳಿಯದು, ನೆಲದ ಕಂಪನದ್ದು, ದೂರದ್ದು. ಅದನ್ನು ತಡೆಯುವ ಪರಿಕರಗಳನ್ನು ಅಡುಗೆಮನೆಯ, ಹೊಲಿಗೆಯಂಗಡಿಯ, ಹಾರ್ಡ್‌ವೇರ್ ಅಂಗಡಿಯ ಸಾಮಾನಿನಿಂದ ಯಾವ ಸಂಶೋಧಕನಾದರೂ ಮಾಡಿಕೊಳ್ಳಬಹುದು. ಈ ಪರಿಕರಗಳ ರಚನೆಯನ್ನೂ, ಅವು ಪಠ್ಯದ ಮೇಲೆ ಮಾಡುವ ಪರಿಣಾಮವನ್ನೂ ಒಟ್ಟಿಗೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಾಧನವು ಪಠ್ಯವನ್ನು ರೂಪಿಸುತ್ತದೆ ಎಂಬ ಮಾತು ಹೊಸದಲ್ಲ. ಮಿಲ್ಮನ್ ಪ್ಯಾರಿ ೧೯೩೪-೩೫ರಲ್ಲಿ ಯುಗೊಸ್ಲಾವಿಯಾದ ಗಾಯಕರನ್ನು ಮುದ್ರಿಸಿಕೊಂಡಾಗ ಬಳಸಿದ್ದು ಅಲ್ಯೂಮಿನಿಯಂ ತಟ್ಟೆಗಳನ್ನು. ಒಂದು ತಟ್ಟೆಯ ಒಂದು ಮಗ್ಗುಲು ಕೆಲವೇ ನಿಮಿಷಗಳಲ್ಲಿ ತುಂಬಿಬಿಡುತ್ತಿತ್ತು. ಅದಕ್ಕಾಗಿ ಅವರು ಎರಡು ತಿರುಗುಮಣೆಗಳಿರುವ ಯಂತ್ರವನ್ನು ವಿಶೇಷವಾಗಿ ಮಾಡಿಸಿಕೊಂಡಿದ್ದರು. ಒಂದು ತುಂಬುವ ಹೊತ್ತಿಗೆ ಇನ್ನೊಂದು ಶುರುವಾಗುತ್ತಿತ್ತು. ಗಾಯಕ ನಿಲ್ಲಬೇಕಾಗಿರಲಿಲ್ಲ. ನಿಲ್ಲಿಸಿ ಬರೆಸಿಕೊಂಡ ಹಾಡಿಗೂ ನಿಲ್ಲದೆ ಹರಿದ ಹಾಡಿಗೂ ಇರುವ ಅಂತರವನ್ನು ಹೋಲಿಸಿ ನೋಡುವ ಅವಕಾಶ ಹೀಗೆ ಒದಗಿತು. ಆಲ್ಬರ್ಟ್ ಲಾರ್ಡ್ ೧೯೬೦ರ 'ದ ಸಿಂಗರ್ ಆಫ್ ಟೇಲ್ಸ್' ಕೃತಿಯಲ್ಲಿ ಕಟ್ಟಿದ ಸಿದ್ಧಾಂತದ ಹಿಂದೆ ಈ ಜೋಡಿ ತಿರುಗುಮಣೆಯೂ ಇದೆ. ನಮ್ಮ ನೆರೆಯಲ್ಲೇ ನಡೆದ ಕೆಲಸವನ್ನು ನೋಡುವುದಾದರೆ, ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಕಾವ್ಯವನ್ನು ಲೌರಿ ಹಾಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಮುಂತಾದವರೊಡನೆ ದಾಖಲಿಸಿ ೧೯೯೮ರಲ್ಲಿ ೧೫,೬೮೩ ಸಾಲುಗಳ ಪಠ್ಯವಾಗಿ ಪ್ರಕಟಿಸಿದರು. ಹಾಡು ಪಠ್ಯವಾಗುವ ಪ್ರಕ್ರಿಯೆಯನ್ನು ಕುರಿತೇ ಪ್ರತ್ಯೇಕ ಸಂಪುಟವೊಂದನ್ನು ಅವರು ಬರೆದರೆಂಬುದು ಗಮನಾರ್ಹ. ಕನ್ನಡದಲ್ಲಿ ಪಿ.ಕೆ. ರಾಜಶೇಖರ ಅವರ 'ಮಲೆಯ ಮಾದೇಶ್ವರ'ದಿಂದ ಹಿಡಿದು, ೧೯೯೦ರ ದಶಕದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ ಜನಪದ ಮಹಾಕಾವ್ಯಗಳವರೆಗೆ ಸಂಗ್ರಹದ ಪರಂಪರೆ ಶ್ರೀಮಂತವಾಗಿದೆ. ಆ ಪರಂಪರೆಯ ತಾಂತ್ರಿಕ ಪಕ್ಷದ ಚರ್ಚೆ ಮಾತ್ರ ಅದರ ಸಾಹಿತ್ಯ ಪಕ್ಷದಷ್ಟು ಬೆಳೆದಿಲ್ಲ.

ಪ್ರಶ್ನೆಯ ತೀವ್ರತೆ ಅರಿವಾಗಬೇಕಾದರೆ ಒಂದೇ ಒಂದು ವ್ಯಂಜನವನ್ನು ತೆಗೆದುಕೊಂಡರೆ ಸಾಕು: ಹಕಾರ. ಹಳಗನ್ನಡದ 'ಪಾಲ್' ನಡುಗನ್ನಡದಲ್ಲಿ 'ಹಾಲು' ಆಯಿತು. ಮೈಸೂರು, ಮಂಡ್ಯ, ಚಾಮರಾಜನಗರ ಭಾಗದ ಹಳ್ಳಿಯ ಮಾತಿನಲ್ಲಿ ಅದು 'ಆಲು'. ಹೂವು 'ಊವು', ಹಗ್ಗ 'ಅಗ್ಗ'. ಇದಕ್ಕೆ ವಿರುದ್ಧವಾಗಿ, ಶಿಷ್ಟರ ಮುಂದೆ ಮಾತನಾಡುವಾಗ ಇಲ್ಲದ ಹಕಾರ ಸೇರಿ 'ಅಕ್ಕಿ'ಯೇ 'ಹಕ್ಕಿ'ಯಾಗುವುದೂ ಉಂಟು. ಒಬ್ಬನೇ ಗಾಯಕ ಎಲ್ಲ ಕಡೆ ಒಂದೇ ರೀತಿ ಉಚ್ಚರಿಸುತ್ತಾನೆ ಎಂದು ಮೊದಲೇ ನಿರ್ಧರಿಸಿಕೊಳ್ಳುವಂತಿಲ್ಲ. ದೇವರ ಸ್ತುತಿಯಲ್ಲಿ ಒಂದು, ಕಥನದಲ್ಲಿ ಒಂದು, ಪಾತ್ರದ ಬಾಯಿಯ ಮಾತಿನಲ್ಲಿ ಮತ್ತೊಂದು ಉಚ್ಚಾರಣೆ ಇರಬಹುದು. ಹಾಗಿದ್ದರೆ ಅದು ಕಾವ್ಯದ ಶೈಲಿಗೆ ಸಂಬಂಧಿಸಿದ ಸಂಗತಿಯೇ ಹೊರತು ಉಪಭಾಷೆಯ ಟಿಪ್ಪಣಿಯಲ್ಲಿ ಮುಗಿದುಹೋಗುವುದಲ್ಲ.

ಹಕಾರವು ನಾದಬಲ ಕಡಿಮೆಯಾದ, ಬರಿಯ ಉಸಿರಿನ ಸದ್ದು. ಮೈಕಿನ ಪರದೆಗೆ ಬಡಿಯುವ ಗಾಳಿಯೂ ಸುಳಿಸುಳಿಯಾದ ವಾಯುಚಲನೆಯ ಸದ್ದೇ. ಆ ಗದ್ದಲದೊಳಗೆ ಹಕಾರ ಇದ್ದರೂ ಕೇಳದು, ಇಲ್ಲದಿದ್ದರೂ ಇದ್ದಂತೆ ಭಾಸವಾಗಬಹುದು. ಇಂಥ ಎಡೆಯಲ್ಲಿ ಲಿಪ್ಯಂತರಕಾರನು ಕಿವಿಯನ್ನು ಬಿಟ್ಟು ಅಭ್ಯಾಸವನ್ನು ನಂಬುತ್ತಾನೆ. ಗ್ರಂಥಭಾಷೆಯಲ್ಲಿ ಪಳಗಿದವನು 'ಹಾಲು' ಎಂದು ಬರೆಯುತ್ತಾನೆ. ಜಾನಪದ ಪಠ್ಯ ದೇಸಿಯಾಗಿ ಕಾಣಬೇಕೆಂದು ಬಯಸುವವನು 'ಆಲು' ಎಂದು ಬರೆಯುತ್ತಾನೆ. ಎರಡೂ ತಿದ್ದುಪಡಿಗಳೇ. ಓಲೆಗರಿಯ ಲಿಪಿಕಾರನ ಸ್ಖಾಲಿತ್ಯವನ್ನು ಪ್ರತ್ಯಂತರಗಳ ಹೋಲಿಕೆಯಿಂದ ಹಿಡಿಯಬಹುದು. ಆ ರಾತ್ರಿಯ ಆ ಹಾಡಿಗೆ ಪ್ರತ್ಯಂತರವೇ ಇಲ್ಲ.

ಮುದ್ರಣವಾದ ಮೇಲೆ ಕಂಪ್ಯೂಟರಿನಲ್ಲಿ ಶುದ್ಧಗೊಳಿಸಬಹುದಲ್ಲವೆ ಎಂಬ ಪ್ರಶ್ನೆ ಸಹಜ. ಗಾಳಿಯ ಸದ್ದಿನ ಹೆಚ್ಚಿನ ಶಕ್ತಿ ತಗ್ಗಿನ ಆವರ್ತನಗಳಲ್ಲಿರುವುದರಿಂದ ಅದನ್ನು ಸ್ವಲ್ಪಮಟ್ಟಿಗೆ ಸೋಸಲು ಸಾಧ್ಯ. ಆದರೆ ಗಾಳಿಯ ಹೊಡೆತಕ್ಕೆ ಮೈಕಿನ ಪರದೆಯೋ ಮುದ್ರಕದ ಮೊದಲ ಹಂತವೋ ಮಿತಿ ಮೀರಿದರೆ ಅಲೆಯ ತುದಿಯೇ ಕತ್ತರಿಸಿಹೋಗುತ್ತದೆ. ಕತ್ತರಿಸಿಹೋದದ್ದನ್ನು ಯಾವ ತಂತ್ರಾಂಶವೂ ಮರಳಿಸಲಾರದು; ಹೆಚ್ಚೆಂದರೆ ಊಹಿಸಿ ತುಂಬೀತು, ಅದೂ ಕಂಸವಿಲ್ಲದೆ. ಆದುದರಿಂದ ಗಾಳಿಯನ್ನು ಮೈಕಿನ ಹೊರಗೇ ನಿಲ್ಲಿಸಬೇಕು.

ಗಾಳಿತಡೆಯ ತತ್ತ್ವ ಸರಳ. ಮೈಕಿನ ಸುತ್ತ ನಿಶ್ಚಲ ಗಾಳಿಯ ಒಂದು ಕೋಣೆ ಇರಬೇಕು; ಬೀಸುವ ಗಾಳಿ ಆ ಕೋಣೆಯ ಹೊರಮೈಯಲ್ಲೇ ಮುರಿಯಬೇಕು. ಹೊರಮೈ ದೊಡ್ಡದಾದಷ್ಟೂ ಒಂದೊಂದು ಕಡೆ ಏಳುವ ಸುಳಿಗಳು ಒಂದನ್ನೊಂದು ತಗ್ಗಿಸಿಕೊಳ್ಳುತ್ತವೆ. ಮೈಕಿಗೆ ಬಿಗಿಯಾಗಿ ತೊಡಿಸುವ ತೆಳು ಸ್ಪಂಜು ಮನೆಯೊಳಗಿನ ಫ್ಯಾನಿಗೆ ಸಾಕಾದರೂ ಬಯಲಿನಲ್ಲಿ ಸೋಲುವುದು ಈ ಕಾರಣಕ್ಕೆ. ಚಹಾ ಸೋಸುವ ಒಂದೇ ಅಳತೆಯ ಎರಡು ಸ್ಟೀಲ್ ಜಾಲರಿಗಳನ್ನು ಬಾಯಿಗೆ ಬಾಯಿ ಕೂಡಿಸಿದರೆ ಎಂಟು ಹತ್ತು ಸೆಂಟಿಮೀಟರ್ ವ್ಯಾಸದ ಗೋಳ ಸಿದ್ಧವಾಗುತ್ತದೆ. ಎರಡರ ಹಿಡಿಗಳನ್ನು ಜೋಡಿಸಿ ಕಟ್ಟಿದರೆ ಅದೇ ಹಿಡಿಕೆ. ಅಂಚುಗಳು ಪರಸ್ಪರ ತಾಗಿ ಕಿರುಗುಟ್ಟದಂತೆ ಇನ್ಸುಲೇಶನ್ ಟೇಪು ಸುತ್ತಬೇಕು. ಮೈಕಿನ ತಲೆ ಗೋಳದ ನಡುವೆ ಇರಬೇಕು, ಜಾಲರಿಯನ್ನು ತಾಗಬಾರದು. ಗೋಳದ ಮೇಲೆ ಆಟದ ಕರಡಿಗೊಂಬೆಗೆ ಹಾಕುವ ಉದ್ದ ರೋಮದ ಬಟ್ಟೆಯನ್ನು ಚೀಲದಂತೆ ಹೊಲಿದು ತೊಡಿಸಬೇಕು. ರೋಮಗಳು ಗಾಳಿಯ ವೇಗವನ್ನು ಕ್ರಮೇಣ ಕುಂದಿಸುತ್ತವೆ. ನುಣುಪಾದ ಬಟ್ಟೆಯ ಅಂಚಿನಲ್ಲಿ ಏಳುವ ಹೊಸ ಸುಳಿ ಇಲ್ಲಿ ಏಳುವುದಿಲ್ಲ.

ಬಟ್ಟೆಯ ಆಯ್ಕೆಯಲ್ಲಿ ಒಂದು ಪರೀಕ್ಷೆ ಅನಿವಾರ್ಯ. ಬಟ್ಟೆಯ ಹಿಂಬದಿಗೆ ತುಟಿಯೊತ್ತಿ ಊದಬೇಕು. ಉಸಿರು ಆಚೆಗೆ ದಾಟಿದರೆ ಧ್ವನಿಯೂ ದಾಟುತ್ತದೆ. ರೋಮ ಉದುರದಂತೆ ಹಿಂಬದಿಗೆ ರಬ್ಬರಿನಂಥ ಲೇಪ ಹಚ್ಚಿದ ಬಟ್ಟೆ ಕೆಲಸಕ್ಕೆ ಬಾರದು. ಸ್ಪಂಜಿಗೂ ಇದೇ ಪರೀಕ್ಷೆ: ಹಾಸಿಗೆ, ಕುರ್ಚಿಗಳ ತೆರೆದ ರಂಧ್ರದ ಸ್ಪಂಜು ಆಗುತ್ತದೆ, ಸಾಮಾನು ಕಟ್ಟಿ ಬರುವ ಮುಚ್ಚಿದ ರಂಧ್ರದ ಬಿಳಿ ಫೋಮು ಆಗುವುದಿಲ್ಲ. ಸ್ಪಂಜು ಕೆಲವು ವರ್ಷಗಳಲ್ಲಿ, ತೇವದ ಕರಾವಳಿಯಲ್ಲಿ ಇನ್ನೂ ಬೇಗ, ಹಿಟ್ಟಾಗಿ ಉದುರತೊಡಗುತ್ತದೆ. ಆ ಪುಡಿ ಮೈಕಿನೊಳಗೆ ಇಳಿದರೆ ಮೈಕೇ ಹಾಳು. ವಿಭಾಗದ ಬೀರುವಿನಲ್ಲಿ ಹತ್ತು ವರ್ಷ ಮಲಗಿದ್ದ ಹೊದಿಕೆಯನ್ನು ಪರೀಕ್ಷಿಸದೆ ಕ್ಷೇತ್ರಕ್ಕೆ ಒಯ್ಯಬಾರದು.

ಇಲ್ಲಿ ಇನ್ನೊಂದು ಅಪಾಯವಿದೆ, ಅದು ಪರಿಹಾರದೊಳಗೇ ಅಡಗಿದೆ. ಗಾಳಿಯನ್ನು ತಡೆಯುವ ಉತ್ಸಾಹದಲ್ಲಿ ದಪ್ಪ ಬಟ್ಟೆಯನ್ನೋ ಟವೆಲನ್ನೋ ಸುತ್ತಿದರೆ ಮೇಲಿನ ಆವರ್ತನಗಳು ಮಂಕಾಗುತ್ತವೆ. ಸಕಾರದ ಗುರುತು ಇರುವುದು ಬಹುಮಟ್ಟಿಗೆ ನಾಲ್ಕು ಸಾವಿರ ಹರ್ಟ್ಸಿನಿಂದ ಮೇಲೆ. ಶಕಾರದ್ದು ಅದಕ್ಕಿಂತ ಕೆಳಗಿನಿಂದಲೇ ಆರಂಭವಾಗುತ್ತದೆ. ಮೇಲಿನ ಭಾಗ ಕುಗ್ಗಿದ ಮುದ್ರಣದಲ್ಲಿ ಗಾಯಕ ಹೇಳಿದ್ದು 'ಸರಣು' ಎಂದೋ 'ಶರಣು' ಎಂದೋ ನಿರ್ಣಯಿಸಲು ಆಧಾರ ಉಳಿಯುವುದಿಲ್ಲ. ಹಕಾರವನ್ನು ಉಳಿಸಲು ಹೋಗಿ ಸಕಾರವನ್ನು ಕಳೆದುಕೊಂಡಂತೆ. ಈ ಕಾರಣದಿಂದ ಕೈಯಿಂದ ಮಾಡಿದ ಪ್ರತಿಯೊಂದು ಹೊದಿಕೆಯನ್ನೂ ಕ್ಷೇತ್ರಕ್ಕೆ ಹೋಗುವ ಮೊದಲು ಒಂದು ಪದಪಟ್ಟಿಯಿಂದ ಪರೀಕ್ಷಿಸುವುದು ಒಳ್ಳೆಯದು: ಹಾಲು-ಆಲು, ಹಕ್ಕಿ-ಅಕ್ಕಿ, ಶರಣು-ಸರಣು, ಭಾರ-ಬಾರ, ಫಲ-ಪಲ. ಒಬ್ಬರು ಇವನ್ನು ಕ್ರಮ ತಪ್ಪಿಸಿ ಓದಬೇಕು. ಒಮ್ಮೆ ಹೊದಿಕೆಯಿಲ್ಲದೆ, ಒಮ್ಮೆ ಹೊದಿಕೆಯೊಡನೆ, ಒಮ್ಮೆ ಮೇಜಿನ ಫ್ಯಾನಿನ ಎದುರು. ಓದಿದ ಕ್ರಮ ತಿಳಿಯದ ಇನ್ನೊಬ್ಬರು ಕೇಳಿ ಬರೆಯಬೇಕು. ಯಂತ್ರದ ಗುಣವನ್ನು ಕಂಪನಿಯ ಕರಪತ್ರದಲ್ಲಿ ಹುಡುಕುವುದಕ್ಕಿಂತ ಇದು ಭಾಷಾ ವಿದ್ಯಾರ್ಥಿಗೆ ಹೆಚ್ಚು ಉಪಯುಕ್ತ.

ಗಾಳಿಯ ನಂತರ ನೆಲ. ಬೀಸುವ ಪದಗಳನ್ನು ಮುದ್ರಿಸುವ ಸಂದರ್ಭವನ್ನು ಪರಿಶೀಲಿಸಬಹುದು. ಈಗ ಬೀಸುವ ಕಲ್ಲು ನಿತ್ಯದ ಬಳಕೆಯಲ್ಲಿ ಬಹುಮಟ್ಟಿಗೆ ಇಲ್ಲ. ಹಾಡು ಬಲ್ಲ ಹಿರಿಯ ಹೆಂಗಸರು ಸಂಗ್ರಾಹಕರ ಕೋರಿಕೆಯ ಮೇರೆಗೆ ಕಲ್ಲಿನ ಮುಂದೆ ಕುಳಿತು ಹಾಡುವುದುಂಟು. ಮೈಕನ್ನು ಅದೇ ನೆಲದ ಮೇಲೆ ಇಟ್ಟರೆ ಕಲ್ಲಿನ ಗುಡುಗು ನೆಲದ ಮೂಲಕ ನೇರವಾಗಿ ಮೈಕಿನ ಮೈಗೆ ಏರುತ್ತದೆ. ಹಾಗೆಂದು ಕಲ್ಲಿನ ಸದ್ದನ್ನೇ ಇಲ್ಲವಾಗಿಸುವುದು ಸರಿಯಲ್ಲ. ಹಾಡು ಕಲ್ಲಿನ ಸುತ್ತಿಗೆ ಹೊಂದಿ ಸಾಗುತ್ತದೆ. ತ್ರಿಪದಿಯ ಸಾಲು ಎಲ್ಲಿ ತಂಗುತ್ತದೆ, ಎಲ್ಲಿ ಪುನರಾವರ್ತನೆಯಾಗುತ್ತದೆ ಎಂಬುದಕ್ಕೆ ಆ ಸದ್ದೂ ಒಂದು ಸಾಕ್ಷಿ. ಕಿವಿಗೆ ಗಾಳಿಯಲ್ಲಿ ಬರುವ ಕಲ್ಲಿನ ಸದ್ದು ಬೇಕು, ಕಾಲಿಗೆ ನೆಲದಲ್ಲಿ ಬರುವ ನಡುಕ ಬೇಡ. ಈ ವಿವೇಚನೆಯನ್ನು ಮಾಡಬಲ್ಲ ಪರಿಕರವೇ ತೂಗುಕಟ್ಟು.

ನಾಲ್ಕು ಇಂಚು ವ್ಯಾಸದ ಪಿವಿಸಿ ಕೊಳವೆಯಿಂದ ಒಂದು ಗೇಣಿನಷ್ಟು ತುಂಡನ್ನು ಕತ್ತರಿಸಿ, ಎರಡು ಅಂಚುಗಳಲ್ಲೂ ನಾಲ್ಕು ನಾಲ್ಕು ಕಚ್ಚುಗಳನ್ನು ಕೊರೆದು, ಕೂದಲಿಗೆ ಹಾಕುವ ಬಟ್ಟೆ ಸುತ್ತಿದ ರಬ್ಬರ್ ಬ್ಯಾಂಡುಗಳನ್ನು ಅಡ್ಡಡ್ಡಲಾಗಿ ಎಳೆದು ಕಟ್ಟಿ, ನಡುವಿನ ಚೌಕದಲ್ಲಿ ಮೈಕನ್ನು ಕೂರಿಸಿದರೆ ಕೆಲಸ ಮುಗಿಯಿತು. ಬ್ಯಾಂಡು ಸಡಿಲವಾಗಿದ್ದಷ್ಟೂ, ತೂಗುವ ವಸ್ತು ಭಾರವಾಗಿದ್ದಷ್ಟೂ ಕಂಪನ ಹೆಚ್ಚು ತಡೆಯಲ್ಪಡುತ್ತದೆ. ಹಗುರ ಮೈಕಿಗೆ ಬಿಗಿ ಬ್ಯಾಂಡು ಹಾಕಿದರೆ ತೂಗುಕಟ್ಟು ಹೆಸರಿಗಷ್ಟೆ. ಹಲವರು ಮರೆಯುವ ಒಂದು ಅಂಶವೆಂದರೆ ತಂತಿ. ಮೈಕು ರಬ್ಬರಿನಲ್ಲಿ ತೂಗುತ್ತಿದ್ದರೂ ಅದರ ತಂತಿ ಬಿಗಿಯಾಗಿ ನೆಲಕ್ಕೆ ಇಳಿದಿದ್ದರೆ ಕಂಪನ ತಂತಿಯಲ್ಲೇ ಏರಿ ಬರುತ್ತದೆ. ತಂತಿಯನ್ನು ಒಂದು ಸುತ್ತು ಸಡಿಲ ಬಿಟ್ಟು ಕೊಳವೆಗೆ ಕಟ್ಟಬೇಕು.

ಕಂಸಾಳೆಯ ಮೇಳದ ಸಮಸ್ಯೆ ಬೇರೆ. ಕಂಚಿನ ಬಟ್ಟಲು ಮತ್ತು ತಟ್ಟೆಯ ಘರ್ಷಣೆ ಹೊಮ್ಮಿಸುವ ಸದ್ದಿನ ಬಲ ಮೇಲಿನ ಆವರ್ತನಗಳಲ್ಲಿ, ಎಂದರೆ ವ್ಯಂಜನಗಳ ಗುರುತು ಇರುವ ಪ್ರದೇಶದಲ್ಲೇ, ಹರಡಿಕೊಂಡಿರುತ್ತದೆ. ಸ್ವರಗಳು ಕೇಳುತ್ತವೆ, ವ್ಯಂಜನಗಳು ಮುಳುಗುತ್ತವೆ. ಮೊಬೈಲ್ ಫೋನಿನಲ್ಲಿ ಮುದ್ರಿಸಿದರೆ ಇನ್ನೊಂದು ತೊಡಕು ಸೇರುತ್ತದೆ. ಅದರಲ್ಲಿ ಸಾಮಾನ್ಯವಾಗಿ ತಾನೇ ತಾನಾಗಿ ಧ್ವನಿಮಟ್ಟವನ್ನು ಹೊಂದಿಸುವ ವ್ಯವಸ್ಥೆಯಿರುತ್ತದೆ. ಕಂಸಾಳೆಯ ಹೊಡೆತ ಬಿದ್ದೊಡನೆ ಅದು ಮಟ್ಟವನ್ನು ತಗ್ಗಿಸುತ್ತದೆ, ಆಮೇಲೆ ನಿಧಾನವಾಗಿ ಏರಿಸುತ್ತದೆ. ಹೊಡೆತದ ಬೆನ್ನಿಗೆ ಬರುವ ಅಕ್ಷರ ಆ ತಗ್ಗಿನೊಳಗೆ ಬೀಳುತ್ತದೆ. ತಾಳದ ಪೆಟ್ಟು ಸಾಲಿನ ಮೊದಲಿಗೆ ಬೀಳುವ ಕಡೆಗಳಲ್ಲಿ ಹೀಗೆ ನಷ್ಟವಾಗುವುದು ಪ್ರತಿ ಸಾಲಿನ ಆದ್ಯಕ್ಷರ. ಆದಿಪ್ರಾಸವನ್ನೋ ಸೂತ್ರಾತ್ಮಕ ಪದಗುಚ್ಛವನ್ನೋ ಅಧ್ಯಯನ ಮಾಡುವವನಿಗೆ ಇದಕ್ಕಿಂತ ದೊಡ್ಡ ಗ್ರಂಥಪಾತ ಬೇರಿಲ್ಲ. ಈ ವ್ಯವಸ್ಥೆಯನ್ನು ಆರಿಸಬಲ್ಲ ಮುದ್ರಕವನ್ನೋ ಅಪ್ಲಿಕೇಶನ್ನನ್ನೋ ಬಳಸಬೇಕು. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐಎಎಸ್‌ಎ ಸಂರಕ್ಷಣೆಗಾಗಿ ಸೂಚಿಸುವ ಕನಿಷ್ಠ ಮಟ್ಟ ೪೮ ಕಿಲೋಹರ್ಟ್ಸ್, ೨೪ ಬಿಟ್. ಕ್ಷೇತ್ರದಲ್ಲೂ ಇದನ್ನೇ ಪಾಲಿಸಿದರೆ ಧ್ವನಿಮಟ್ಟವನ್ನು ತಗ್ಗಿಸಿಟ್ಟುಕೊಂಡು ಮುದ್ರಿಸಲು ಧಾರಾಳ ಅವಕಾಶವಿರುತ್ತದೆ.

ಆದರೆ ಕಂಸಾಳೆಗೆ ನಿಜವಾದ ಮದ್ದು ಸಾಮೀಪ್ಯ. ಬಯಲಿನಲ್ಲಿ ದೂರ ಅರ್ಧವಾದಾಗ ಧ್ವನಿಮಟ್ಟ ಸುಮಾರು ಆರು ಡೆಸಿಬಲ್ ಏರುತ್ತದೆ. ಮುಖ್ಯ ಗಾಯಕನಿಂದ ಒಂದು ಮೀಟರ್ ದೂರದಲ್ಲಿದ್ದ ಮೈಕನ್ನು ಕಾಲು ಮೀಟರಿಗೆ ತಂದರೆ ಅವನ ಧ್ವನಿ ಹನ್ನೆರಡು ಡೆಸಿಬಲ್ ಏರಿದಂತೆ. ಎರಡು ಮೂರು ಮೀಟರ್ ಆಚೆಯ ಸಂಗಡಿಗರ ತಾಳ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಇದಕ್ಕೆ ಬೇಕಾದದ್ದು ಒಂದು ಉದ್ದನೆಯ ಕೋಲು. ಜೇಡರಬಲೆ ತೆಗೆಯುವ, ಒಂದರೊಳಗೊಂದು ಸೇರುವ ಅಲ್ಯೂಮಿನಿಯಂ ಕೋಲು ಹಗುರವಾಗಿರುತ್ತದೆ. ಒಣಗಿದ ಬಿದಿರೂ ಆದೀತು, ಅದರ ಗೆಣ್ಣುಗಳಲ್ಲಿ ಕೈ ಜಾರುವುದಿಲ್ಲ ಎಂಬುದು ಲಾಭವೇ. ಕೋಲನ್ನು ಹಿಡಿದು ನಿಲ್ಲಲು ಜನವಿಲ್ಲದಿದ್ದರೆ ಎಣ್ಣೆಯ ಡಬ್ಬಕ್ಕೆ ಮರಳು ತುಂಬಿ ನೆಡಬಹುದು. ಮೈಕು ಗಾಯಕನ ಬಾಯಿಗೆ ನೇರವಾಗಿರದೆ ಹಣೆಯ ಮಟ್ಟದಲ್ಲಿ, ಸ್ವಲ್ಪ ಪಕ್ಕಕ್ಕೆ ಇದ್ದು ಬಾಯಿಯತ್ತ ಬಾಗಿರಬೇಕು. ಇದರಿಂದ ಪಕಾರ, ಬಕಾರಗಳ ಉಸಿರಿನ ಹೊಡೆತ ಮೈಕಿಗೆ ತಾಗದೆ ಹೋಗುತ್ತದೆ. 'ಪಲ' ಎಂದದ್ದು 'ಫಲ'ವಾಗಿ ಕೇಳುವ ಭ್ರಮೆ ತಪ್ಪುತ್ತದೆ. ಕಸೂತಿಯ ಬಳೆಗೆ ಎರಡು ಪದರ ನೈಲಾನ್ ಕಾಲುಚೀಲ ಬಿಗಿದು ಮಾಡುವ ಉಸಿರುತಡೆ ಗಮಕ ವಾಚನವನ್ನೋ ಕವಿತಾ ವಾಚನವನ್ನೋ ಕೋಣೆಯೊಳಗೆ ಮುದ್ರಿಸುವಾಗ ಚೆನ್ನಾಗಿ ಕೆಲಸ ಮಾಡುತ್ತದೆ. ದೇವರಗುಡ್ಡನ ಮುಖದ ಮುಂದೆ ಅದನ್ನು ನಿಲ್ಲಿಸುವುದು ಅವನಿಗೂ ಕೇಳುಗರಿಗೂ ಅಡ್ಡಿ. ಕೋಲನ್ನು ಎಲ್ಲಿ ನೆಡಬಹುದು, ಎಲ್ಲಿ ನೆಡಬಾರದು ಎಂಬುದನ್ನು ಗಾಯಕರನ್ನೇ ಕೇಳಿ ನಿರ್ಧರಿಸಬೇಕು. ಪೂಜೆಗೆ ಇಟ್ಟ ಬೆತ್ತ, ಜೋಳಿಗೆ, ದೀಪಗಳ ಸಾಲಿನಲ್ಲಿ ಮೈಕಿನ ಕಂಬಕ್ಕೆ ಸ್ಥಾನವಿಲ್ಲ.

ಸಾಮೀಪ್ಯದಿಂದ ಮುಖ್ಯ ಗಾಯಕನ ಮಾತು ದೊರೆಯುತ್ತದೆ, ಹಿಮ್ಮೇಳದವರದು ಹಿಂದೆ ಸರಿಯುತ್ತದೆ. ಮಲೆಮಾದೇಶ್ವರ, ಮಂಟೇಸ್ವಾಮಿ ಕಾವ್ಯಗಳ ಪ್ರದರ್ಶನದಲ್ಲಿ ಹಿಮ್ಮೇಳದವರು ಸೊಲ್ಲು ಹಿಡಿಯುವುದಷ್ಟೇ ಅಲ್ಲ, ಹೂಂಗುಟ್ಟುತ್ತಾರೆ, ಪ್ರಶ್ನಿಸುತ್ತಾರೆ, ಕೆಲವೊಮ್ಮೆ ಸಾಲನ್ನು ಮುಗಿಸುತ್ತಾರೆ. ಒಂದೇ ವಾಹಿನಿಯ ಮುದ್ರಣದಲ್ಲಿ ಇಬ್ಬರ ಮಾತು ಒಂದರ ಮೇಲೊಂದು ಬಿದ್ದಾಗ ಯಾವುದು ಯಾರದೆಂದು ಬಿಡಿಸುವುದು ಕಷ್ಟ. ಬರಹಕ್ಕಿಳಿದ ಪಠ್ಯದಲ್ಲಿ ಎಲ್ಲವೂ ಮುಖ್ಯ ಗಾಯಕನ ಹೆಸರಿಗೆ ಸೇರಿಬಿಡುತ್ತದೆ. ಇದು ಕರ್ತೃತ್ವದ ಪ್ರಶ್ನೆ. ಸ್ವಿಟ್ಜರ್‌ಲೆಂಡಿನ ಧ್ವನಿತಜ್ಞ ಯುರ್ಗ್ ಯೆಕ್ಲಿನ್ ರೂಪಿಸಿದ ಒಂದು ಸರಳ ಸಾಧನ ಇಲ್ಲಿ ನೆರವಾಗುತ್ತದೆ. ಸುಮಾರು ೩೦ ಸೆಂಟಿಮೀಟರ್ ವ್ಯಾಸದ ತಟ್ಟೆಯ ಎರಡು ಮಗ್ಗುಲಿಗೂ ಸ್ಪಂಜು ಅಂಟಿಸಿ, ಎರಡು ಮೈಕುಗಳನ್ನು ತಟ್ಟೆಯ ಆಚೀಚೆ, ಒಂದರಿಂದೊಂದಕ್ಕೆ ಹದಿನಾರೂವರೆ ಸೆಂಟಿಮೀಟರ್ ಅಂತರದಲ್ಲಿ ನಿಲ್ಲಿಸುವುದು ಅವರ ಮೊದಲ ಮಾದರಿ. ನಮ್ಮ ಎರಡು ಕಿವಿಗಳ ನಡುವೆ ತಲೆ ಮಾಡುವ ಕೆಲಸವನ್ನು ತಟ್ಟೆ ಮಾಡುತ್ತದೆ. ಹೆಡ್‌ಫೋನಿನಲ್ಲಿ ಕೇಳಿದಾಗ ಎಡದವನು ಎಡಕ್ಕೆ, ಬಲದವನು ಬಲಕ್ಕೆ ಬೇರೆಯಾಗುತ್ತಾರೆ.

ಹಳೆಯ ಎಲ್‌ಪಿ ತಟ್ಟೆಯ ಅಳತೆ ಇದಕ್ಕೆ ಸರಿಹೊಂದುತ್ತದೆ. (ಗೀರು ಬಿದ್ದು ನಿಜವಾಗಿಯೂ ಹಾಳಾದದ್ದಾದರೆ ಮಾತ್ರ; ಅದೂ ಒಂದು ಧ್ವನಿ ದಾಖಲೆಯೇ. ಪ್ಲೈವುಡ್ಡು ಯಾವಾಗಲೂ ಸಿಗುತ್ತದೆ.) ಈ ಸಾಧನಕ್ಕೆ ಎಲ್ಲ ದಿಕ್ಕಿನಿಂದಲೂ ಸಮಾನವಾಗಿ ಕೇಳುವ ಮೈಕುಗಳು ಬೇಕು. ಅಗ್ಗದ ಎಲೆಕ್ಟ್ರೆಟ್ ಗುಂಡಿಮೈಕುಗಳು ಸಾಮಾನ್ಯವಾಗಿ ಅಂಥವೇ. ೧೯೬೨ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ರೂಪಿಸಿದ ಈ ಬಗೆಯ ಮೈಕು ಈಗ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬಿಡಿಭಾಗಗಳ ಬೀದಿಯಲ್ಲಿ ಒಂದು ಊಟದ ಬೆಲೆಗಿಂತ ಕಡಿಮೆಗೆ ದೊರೆಯುತ್ತದೆ. ಮೈಕಿಗೆ ವಿದ್ಯುತ್ ಒದಗಿಸುವ ಕಿಂಡಿಯಿರುವ ಸಣ್ಣ ಮುದ್ರಕಕ್ಕೆ ನೇರವಾಗಿ ಜೋಡಿಸಬಹುದು. ಸ್ವಂತ ಸದ್ದು ಸ್ವಲ್ಪ ಹೆಚ್ಚೆಂಬುದು ಇದರ ದೋಷ. ಲಾಲಿಹಾಡಿನಂಥ ಮೆಲುದನಿಗೆ ಇದು ತಕ್ಕುದಲ್ಲ. ಮೇಳದ ಗಟ್ಟಿದನಿಗೆ ಧಾರಾಳ ಸಾಕು. ಬೆಸುಗೆ ಹಾಕುವಾಗ ಹೊರಕವಚವುಳ್ಳ ತಂತಿಯನ್ನೇ ಬಳಸಬೇಕು, ಇಲ್ಲವಾದರೆ ಜಾತ್ರೆಯ ದೀಪದ ಸಾಲಿನ ವಿದ್ಯುತ್ತು ಇಡೀ ರಾತ್ರಿ ಮುದ್ರಣದ ತುಂಬ ಗುಂಯ್‌ಗುಡುತ್ತದೆ.

ಕೈಯಿಂದ ಮಾಡಿದ ಪರಿಕರ ಕೊಂಡದ್ದಕ್ಕಿಂತ ಎಲ್ಲ ಕಡೆಯೂ ಮೇಲು ಎಂದು ಹೇಳಲಾಗದು. ಮೈಕು ಮತ್ತು ಮುದ್ರಕಕ್ಕೆ ಹಣವಿದ್ದರೆ ಒಳ್ಳೆಯದನ್ನೇ ಕೊಳ್ಳಬೇಕು. ಆದರೆ ಯೋಜನೆಯ ಹಣವೆಲ್ಲ ಮುದ್ರಕಕ್ಕೆ ಸಂದು, ಅದು ಗಾಳಿತಡೆಯಿಲ್ಲದೆ ಬೆಟ್ಟದ ಮೇಲೆ ನಿಲ್ಲುವುದಾದರೆ ಆ ಖರ್ಚಿಗೆ ಅರ್ಥವಿಲ್ಲ. ಸ್ವಂತವಾಗಿ ಮಾಡಿದ್ದರ ಇನ್ನೊಂದು ಗುಣವೆಂದರೆ ಅದರ ದೋಷ ಮಾಡಿದವನಿಗೆ ಗೊತ್ತಿರುತ್ತದೆ. ಯಾವ ಬಟ್ಟೆ ಯಾವ ವ್ಯಂಜನವನ್ನು ಮಂಕಾಗಿಸುತ್ತದೆ ಎಂದು ಪದಪಟ್ಟಿಯಲ್ಲಿ ಕಂಡುಕೊಂಡವನು ಲಿಪ್ಯಂತರದ ಮೇಜಿನಲ್ಲೂ ಆ ವ್ಯಂಜನದ ಮುಂದೆ ನಿಧಾನಿಸುತ್ತಾನೆ.

ಮೌಖಿಕ ಕಾವ್ಯದ ಪೀಠಿಕೆಯಲ್ಲಿ ಹಸ್ತಪ್ರತಿ ವಿವರಣೆಗೆ ಸಂವಾದಿಯಾದ ಧ್ವನಿಪ್ರತಿ ವಿವರಣೆ ಇರಬೇಕಾದ ಅಗತ್ಯ ಇಲ್ಲಿ ಉದ್ಭವಿಸುತ್ತದೆ. ಮೈಕಿನ ಬಗೆ, ಹೊದಿಕೆ, ಗಾಯಕನಿಂದ ಇದ್ದ ದೂರ, ಮೈಕಿನ ಎತ್ತರ, ವಾಹಿನಿಗಳ ಸಂಖ್ಯೆ, ಸ್ವಯಂಚಾಲಿತ ಮಟ್ಟ ಆರಿಸಲಾಗಿತ್ತೆ ಎಂಬುದು, ಗಾಳಿ ಮಳೆಗಳ ಸ್ಥಿತಿ, ರಾತ್ರಿಯ ಯಾವ ಜಾವದಲ್ಲಿ ಮೈಕಿನ ಸ್ಥಾನ ಬದಲಾಯಿತು ಎಂಬುದು ಅದರಲ್ಲಿ ಬರಬೇಕು. ಅರ್ಧ ಪುಟ ಸಾಕು. ಪಠ್ಯದೊಳಗಿನ 'ಅಸ್ಪಷ್ಟ' ಎಂಬ ಒಂದೇ ಗುರುತನ್ನು ಬಿಡಿಸಿ, ಗಾಳಿಯಿಂದ ಲುಪ್ತವಾದದ್ದು, ವಾದ್ಯದಿಂದ ಮುಚ್ಚಿದ್ದು, ಗಾಯಕನೇ ನುಂಗಿದ್ದು ಎಂದು ಮೂರು ಬಗೆಯಾಗಿ ತೋರಿಸಬಹುದು. ಮೂರನೆಯದು ಮಾತ್ರ ಕಾವ್ಯಕ್ಕೆ ಸೇರಿದ್ದು. ಶುದ್ಧಗೊಳಿಸಿದ ಧ್ವನಿಕಡತವನ್ನು ಲಿಪ್ಯಂತರಕ್ಕೆ ಬಳಸಿದ್ದರೆ ಅದನ್ನೂ ಹೇಳಬೇಕು; ಮೂಲ ಕಡತವನ್ನು, ಅದರ ಗಾಳಿಯ ಗದ್ದಲದೊಡನೆಯೇ, ಮುಟ್ಟದೆ ಬೇರೆಯಾಗಿ ಇಡಬೇಕು.